ಶ್ರೀಲಂಕೆಯ ಕಡಲಲ್ಲಿ ಮುಳುಗಿದ ಹಡಗುಗಳನ್ನು ಹುಡುಕಿ ಹೊರಡುವವರಿಗೆ

ಪರಿಚಯವಿಲ್ಲದ ಕರಾವಳಿಯಲ್ಲಿ ಮುಳುಗಿದ ಹಡಗನ್ನು ನೋಡಲು ಹೊರಡುವವರು ಸಾಮಾನ್ಯವಾಗಿ ಹಡಗಿನ ಹೆಸರು ಹಿಡಿದು ಹುಡುಕಾಟ ಆರಂಭಿಸುತ್ತಾರೆ. ಅದರ ಬದಲು ಮೊದಲು ಋತುವನ್ನು, ಬಳಿಕ ಆಳವನ್ನು, ಆಮೇಲೆ ದೋಣಿಯನ್ನು ನಿಶ್ಚಯಿಸಿಕೊಂಡರೆ ನೋಡಬಹುದಾದ ಹಡಗು ಯಾವುದೆಂಬುದು ತಾನಾಗಿಯೇ ತಿಳಿಯುತ್ತದೆ. ನಮಗೆ ಹತ್ತಿರದ ಶ್ರೀಲಂಕೆಯನ್ನೇ ತೆಗೆದುಕೊಂಡು ಇದನ್ನು ವಿವರಿಸುತ್ತೇನೆ.

ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವ ಡೈವಿಂಗ್ ದೋಣಿಗಳು ನಿಂತಿರುತ್ತವೆ. ಆಗ ಲಂಕೆಯ ಪಶ್ಚಿಮ ಮತ್ತು ದಕ್ಷಿಣ ತೀರಗಳೂ ಪ್ರಕ್ಷುಬ್ಧವಾಗಿರುತ್ತವೆ. ಆದರೆ ಪೂರ್ವ ತೀರ ಶಾಂತವಾಗಿದ್ದು, ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ನೀರಿಗಿಳಿಯಬಹುದು. ನವೆಂಬರಿನಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ಹೋಗುವವರು ಕೊಲಂಬೋ ಅಥವಾ ಹಿಕ್ಕಡುವದ ಕಡೆಗೆ ತಿರುಗಬೇಕು. 1903ರಲ್ಲಿ ಮುಳುಗಿದ ‘ಕಾಂಚ್’ ಎಂಬ ತೈಲವಾಹಕ ಹಡಗು ಹಿಕ್ಕಡುವದ ಸಮೀಪ, ಹೆಚ್ಚು ಅನುಭವವಿಲ್ಲದವರಿಗೂ ನಿಲುಕುವ ಆಳದಲ್ಲಿದೆ.

ಆಳದ ವಿಷಯದಲ್ಲಿ ಆಸೆ ವಿವೇಕವನ್ನು ಮೀರದಂತೆ ನೋಡಿಕೊಳ್ಳಬೇಕು. ಬ್ರಿಟಿಷ್ ವಿಮಾನವಾಹಕ ನೌಕೆ ‘ಹರ್ಮಿಸ್’ 1942ರ ಏಪ್ರಿಲ್ 9ರಂದು ಜಪಾನಿ ವಿಮಾನಗಳ ದಾಳಿಯಲ್ಲಿ ಪೂರ್ವ ತೀರದ ಬ್ಯಾಟಿಕಲೋವಾ ಬಳಿ ಮುಳುಗಿತು. ಮುನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅದು ಇಂದು ಸುಮಾರು 53 ಮೀಟರ್ ಆಳದಲ್ಲಿದೆ. ಅಷ್ಟು ಆಳದಲ್ಲಿ ನಮ್ಮ ಸಿಲಿಂಡರಿನ ಗಾಳಿ ಮೇಲ್ಮೈಯಲ್ಲಿ ಖರ್ಚಾಗುವುದಕ್ಕಿಂತ ಆರು ಪಟ್ಟಿಗೂ ಹೆಚ್ಚು ವೇಗದಲ್ಲಿ ಖರ್ಚಾಗುತ್ತದೆ, ನೈಟ್ರೋಜನ್ನಿನಿಂದ ಬುದ್ಧಿ ಮಂಕಾಗುತ್ತದೆ, ಮೇಲೆ ಬರುವಾಗ ಹಂತಹಂತವಾಗಿ ನಿಂತು ಬರಬೇಕಾಗುತ್ತದೆ. ಆದ್ದರಿಂದ ಹರ್ಮಿಸ್ ಹೆಚ್ಚು ಆಳಕ್ಕಿಳಿಯಲು ಕಲಿಸುವ ಟೆಕ್ನಿಕಲ್ ಡೈವಿಂಗ್ ತರಬೇತಿ ಪಡೆದವರಿಗೆ ಮಾತ್ರ ಸಲ್ಲುವ ಹಡಗು. ಡೈವಿಂಗ್ ಕಲಿಕೆಯ ಮೊದಲ ಹಂತವಾದ ಓಪನ್ ವಾಟರ್ ಪ್ರಮಾಣಪತ್ರದ ಮಿತಿ 18 ಮೀಟರ್, ಮುಂದಿನ ಹಂತವಾದ ಅಡ್ವಾನ್ಸ್ಡ್ ಆದವರದ್ದು 30 ಮೀಟರ್ ಎಂಬುದನ್ನು ನೆನಪಿಡಿ. ಅಡ್ವಾನ್ಸ್ಡ್ ಮುಗಿಸಿದವರು ನಿರಾಶರಾಗಬೇಕಿಲ್ಲ: ಅದೇ ದಿನ, ಅದೇ ದಾಳಿಯಲ್ಲಿ ಮುಳುಗಿದ ‘ಬ್ರಿಟಿಷ್ ಸಾರ್ಜೆಂಟ್’ ಎಂಬ ತೈಲವಾಹಕ ಪಾಸಿಕುಡಾದ ಕಡೆ ಸುಮಾರು 24 ಮೀಟರ್ ಆಳದಲ್ಲಿದೆ. ನನ್ನ ಮಟ್ಟಿಗೆ ಮೊದಲ ಭೇಟಿಗೆ ಅದಕ್ಕಿಂತ ಒಳ್ಳೆಯ ಆಯ್ಕೆ ಆ ತೀರದಲ್ಲಿ ಇಲ್ಲ. ಆದರೆ ಹಡಗಿನ ಒಡಲೊಳಗೆ ನುಗ್ಗುವುದಕ್ಕೆ ಬೇರೆಯೇ ತರಬೇತಿ ಬೇಕು. ಅದಿಲ್ಲದವರು ಹೊರಗಿನಿಂದಲೇ ನೋಡಬೇಕು.

ಇತರ ಸ್ಥಳಗಳನ್ನು ಹುಡುಕಲು ನಾವಿಕ ನಕಾಶೆಗಳು ನೆರವಾಗುತ್ತವೆ. ಅವುಗಳಲ್ಲಿ ಮುಳುಗಿದ ಹಡಗುಗಳಿಗೆ ಪ್ರತ್ಯೇಕ ಗುರುತು ಇರುತ್ತದೆ, ಅಳತೆಯಾಗಿದ್ದರೆ ಹಡಗಿನ ಮೇಲ್ತುದಿಯವರೆಗಿನ ಆಳವೂ ಇರುತ್ತದೆ. ನಕಾಶೆಯಷ್ಟೇ ಬೆಲೆಯುಳ್ಳದ್ದು ಮೀನುಗಾರರ ತಿಳಿವಳಿಕೆ. ಮುಳುಗಿದ ಹಡಗಿನ ಸುತ್ತ ಮೀನು ಸೇರುತ್ತದೆ, ಬಲೆ ಸಿಕ್ಕಿಕೊಂಡು ಹರಿಯುತ್ತದೆ. ಆದ್ದರಿಂದ ಅದು ಎಲ್ಲಿದೆಯೆಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಬ್ಯಾಟಿಕಲೋವಾ ಕಡೆಯ ಮೀನುಗಾರರಲ್ಲಿ ತಮಿಳು ಮಾತಾಡುವವರು ಬಹಳ. ತಮಿಳು ಬಲ್ಲ ಬೆಂಗಳೂರಿಗರು ಬಂದರಿನಲ್ಲಿ ನಿಂತು ನೇರವಾಗಿ ವಿಚಾರಿಸಬಹುದು. ಹಾಗೆಂದು ಅವರ ದೋಣಿಯಲ್ಲೇ ಹೊರಟುಬಿಡಬಾರದು. ತಿಳಿದುಕೊಂಡದ್ದನ್ನು ಡೈವ್ ಸೆಂಟರಿನವರ ಮುಂದಿಟ್ಟು, ಅಲ್ಲಿ ಸಿಕ್ಕಿಕೊಂಡ ಬಲೆಗಳಿವೆಯೇ, ಪ್ರವಾಹ ಹೇಗಿರುತ್ತದೆ ಎಂದು ಕೇಳಬೇಕು.

ದೋಣಿ ಗೊತ್ತುಮಾಡುವಾಗ ದರಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಆಮ್ಲಜನಕದ ಸಿಲಿಂಡರ್ ಮತ್ತು ರೇಡಿಯೋ ದೋಣಿಯಲ್ಲೇ ಇರುತ್ತವೆಯೇ? ಎಲ್ಲರೂ ನೀರಿಗಿಳಿದ ಮೇಲೆ ದೋಣಿಯಲ್ಲಿ ಚಾಲಕ ಉಳಿದಿರುತ್ತಾನೆಯೇ? ಇಳಿಯಲು, ಏರಲು ಹಗ್ಗ ಕಟ್ಟುತ್ತಾರೆಯೇ? ಒಬ್ಬ ಮಾರ್ಗದರ್ಶಕರಿಗೆ ಎಷ್ಟು ಜನ? ಡೈವಿಂಗ್‌ನಿಂದ ಅಸ್ವಸ್ಥರಾದವರನ್ನು ಹೆಚ್ಚಿನ ಗಾಳಿಯೊತ್ತಡದಲ್ಲಿಟ್ಟು ಚಿಕಿತ್ಸೆ ನೀಡುವ ಹತ್ತಿರದ ರೀಕಂಪ್ರೆಷನ್ ಚೇಂಬರ್ ಎಲ್ಲಿದೆ? ಕೊನೆಯ ಪ್ರಶ್ನೆಗೆ ತಡವರಿಸುವವರ ದೋಣಿಯನ್ನು ನಾನು ಹತ್ತುವುದಿಲ್ಲ. ನಿಮ್ಮ ಪ್ರಮಾಣಪತ್ರವನ್ನೂ ಹಿಂದಿನ ಡೈವ್‌ಗಳ ಲಾಗ್‌ಬುಕ್ಕನ್ನೂ ತಾವಾಗಿಯೇ ಕೇಳಿ ನೋಡುವವರು, ಪ್ರವಾಹ ಜೋರಾಗಿದ್ದರೆ ಹಿಂತಿರುಗುತ್ತೇವೆ ಎಂದು ಮೊದಲೇ ಹೇಳುವವರು ನಂಬಿಕೆಗೆ ಅರ್ಹರು.

ಹಡಗಿನಿಂದ ಒಂದು ಮೊಳೆಯನ್ನೂ ತರಬಾರದು. ಯುದ್ಧದಲ್ಲಿ ಮುಳುಗಿದವು ಸತ್ತವರ ಸಮಾಧಿಗಳೂ ಹೌದು. ಹಿಂತಿರುಗುವ ವಿಮಾನದ ಟಿಕೆಟ್ ಕಾದಿರಿಸುವಾಗ, ಹಲವು ಡೈವ್‌ಗಳ ನಂತರ ವಿಮಾನ ಏರುವ ಮುನ್ನ ಕನಿಷ್ಠ 18 ಗಂಟೆ ಬಿಡುವು ಬೇಕೆಂಬುದನ್ನು ಲೆಕ್ಕಕ್ಕೆ ಹಿಡಿದು, ಕೊನೆಯ ಡೈವ್ ಅನ್ನು ಹೊರಡುವ ಹಿಂದಿನ ದಿನ ಬೆಳಗ್ಗೆಯೇ ಮುಗಿಸಿರಿ.