ಡಟ್ಸನ್ 240ಝಡ್: ಮಾಡಿಫೈ ಆದದ್ದು ಕೊಳ್ಳುವುದೋ, ಮೂಲ ರೂಪದ್ದು ಹುಡುಕುವುದೋ?

1969ರ ಕೊನೆಗೆ ಅಮೆರಿಕದ ಷೋರೂಮುಗಳಿಗೆ ಬಂದ ಜಪಾನಿನ ಸ್ಪೋರ್ಟ್ಸ್ ಕಾರು ಡಟ್ಸನ್ 240ಝಡ್‌ನ ಬೆಲೆ 3,526 ಡಾಲರ್. ಸಾಲಾಗಿ ನಿಂತ ಆರು ಸಿಲಿಂಡರ್, 2393 ಸಿಸಿ, ನಾಲ್ಕೂ ಚಕ್ರಕ್ಕೆ ಪ್ರತ್ಯೇಕ ಸಸ್ಪೆನ್ಷನ್. ಅಷ್ಟು ದುಡ್ಡಿಗೆ ಇಷ್ಟು ಸಿಗುತ್ತಿದ್ದುದರಿಂದ ಕೊಂಡವರು ಅದನ್ನು ಹೊದಿಕೆ ಹಾಕಿ ಇಡಲಿಲ್ಲ. ದಿನಾ ಓಡಿಸಿದರು, ರೇಸಿಗೆ ಇಳಿಸಿದರು, ಮಡ್‌ಗಾರ್ಡ್ ಕತ್ತರಿಸಿ ಅಗಲದ ಟೈರ್ ತುರುಕಿದರು. 1973ಕ್ಕೆ ತಯಾರಿಕೆ ನಿಂತ ಈ ಕಾರು ಇವತ್ತು ಮಾರಾಟಕ್ಕೆ ಕಂಡರೆ ಯಾರಾದರೂ ಕೈಯಾಡಿಸಿದ್ದೇ ಹೆಚ್ಚು. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರಿಗೆ ಒಂದು ಅನುಕೂಲವಿದೆ: ಅಲ್ಲಿ 1975 ಮತ್ತು ಅದಕ್ಕೂ ಹಳೆಯ ಮಾಡೆಲ್‌ಗಳಿಗೆ ಸ್ಮಾಗ್ (ಹೊಗೆ) ತಪಾಸಣೆ ಇಲ್ಲ. ಬೇರೆ ಎಂಜಿನ್ ಕೂತ ಗಾಡಿಗಳೂ ಅಲ್ಲಿ ಸಲೀಸಾಗಿ ಕೈ ಬದಲಾಯಿಸಲು ಇದೂ ಒಂದು ಕಾರಣ.

ಮಾಡಿಫೈ ಆಗಿದೆ ಅಂದಾಕ್ಷಣ ಬೇಡ ಅನ್ನಬೇಕಿಲ್ಲ. ಸ್ಪ್ಯಾನರ್ ಹಿಡಿದು ಮಾಡಿದ ಬದಲಾವಣೆಯನ್ನು ಸ್ಪ್ಯಾನರ್ ಹಿಡಿದೇ ಬಿಚ್ಚಬಹುದು. ಗ್ರೈಂಡರ್ ಹಿಡಿದು ಮಾಡಿದ್ದನ್ನು ಸರಿಪಡಿಸಲು ಹೊಸ ತಗಡು, ವೆಲ್ಡಿಂಗ್, ಪೇಂಟ್ ಎಲ್ಲ ಬೇಕು. ನೋಡಲು ಹೋದಾಗ ಪ್ರತಿಯೊಂದು ಬದಲಾವಣೆಯನ್ನೂ ಈ ಎರಡು ಪಟ್ಟಿಗಳಲ್ಲಿ ಒಂದಕ್ಕೆ ಬರೆದುಕೊಳ್ಳಿ.

ಮೊದಲು ನಂಬರುಗಳು

ಕಾರಿನ ಚಾಸಿ ನಂಬರು ಎಚ್‌ಎಲ್‌ಎಸ್30 ಎಂದು ಶುರುವಾಗುತ್ತದೆ. ಗಾಜಿನ ಮೂಲಕ ಕಾಣುವ ಡ್ಯಾಶ್‌ಬೋರ್ಡ್ ಪಟ್ಟಿ, ಬಾನೆಟ್ ಕೆಳಗೆ ಫೈರ್‌ವಾಲ್ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ) ಮೇಲೆ ಕೊರೆದ ಅಂಕಿ, ಎಂಜಿನ್ ಕೋಣೆಯೊಳಗಿನ ತಗಡಿನ ಫಲಕ, ಈ ಮೂರೂ ಮಾಲೀಕತ್ವದ ಕಾಗದಕ್ಕೆ ತಾಳೆಯಾಗಬೇಕು. ಫೈರ್‌ವಾಲ್ ಅಂಕಿಯ ಸುತ್ತ ವೆಲ್ಡಿಂಗ್ ಗುರುತು ಇದ್ದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ.

ಫಲಕದಲ್ಲಿ ಎಂಜಿನ್ ನಂಬರೂ ಇರುತ್ತದೆ. ಎಂಜಿನ್ ಮೇಲೆ ಅದೇ ನಂಬರು ಬಲಬದಿಯಲ್ಲಿ, ಹಿಂತುದಿಯ ಸ್ಪಾರ್ಕ್ ಪ್ಲಗ್‌ನ ಕೆಳಗಿನ ಸಪಾಟು ಜಾಗದಲ್ಲಿ ಕೊರೆದಿರುತ್ತದೆ. ಗ್ರೀಸ್ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ಓದಿ. ಎಲ್24 ಎಂದಿದ್ದು ಅಂಕಿ ಫಲಕದ್ದೇ ಆಗಿದ್ದರೆ ಮಾತ್ರ ಅದು ಮೂಲ ಎಂಜಿನ್. ಬ್ಲಾಕ್ ಮೇಲೆ ಎನ್42 ಅಥವಾ ಎಫ್54 ಎಂಬ ಎರಕದ ಗುರುತು ಕಂಡರೆ ಅದು ಮುಂದಿನ ಮಾಡೆಲ್‌ಗಳ 2753 ಸಿಸಿ ಎಲ್28. ಅದು ಕೆಟ್ಟದ್ದೇನಲ್ಲ, ಎಳೆತ ಇನ್ನೂ ಜಾಸ್ತಿ. ಆದರೆ ಅದಕ್ಕೆ ಮೂಲ ಗಾಡಿಯ ಬೆಲೆ ಕೊಡಬೇಡಿ.

ಆಮೇಲೆ ತಗಡು, ಇಲ್ಲಿ ಅವಸರ ಬೇಡ

ಎಂಜಿನ್ ಮತ್ತೊಂದು ಸಿಗುತ್ತದೆ. ತುಕ್ಕು ತಿಂದ ಬಾಡಿ ಮಾತ್ರ ಮಾಲೀಕನ ಉಳಿತಾಯವನ್ನೆಲ್ಲ ನುಂಗುತ್ತದೆ. ನೆಲದ ಮೇಲೆ ನಿಂತ ಗಾಡಿಯನ್ನು ನೋಡಿ ಏನೂ ಗೊತ್ತಾಗದು, ಲಿಫ್ಟ್ ಇರುವ ಗ್ಯಾರೇಜಿಗೆ ಒಯ್ಯಲು ಒಪ್ಪಿಸಿ. ಬೆಳಕಿಗೆ ಟಾರ್ಚ್, ತಗಡಿನ ಮೇಲೆ ಎಳೆಯಲು ತೆಳು ಬಟ್ಟೆ ಸುತ್ತಿದ ಅಯಸ್ಕಾಂತ, ಬಡಿದು ನೋಡಲು ಸ್ಕ್ರೂಡ್ರೈವರಿನ ಹಿಡಿ, ಇಷ್ಟು ಜೊತೆಗಿರಲಿ.

ಬ್ಯಾಟರಿ ಟ್ರೇಯಿಂದ ಶುರು ಮಾಡಿ. ಎಂಜಿನ್ ಕೋಣೆಯ ಬಲಗಡೆ ಹಿಂಬದಿಯಲ್ಲಿರುವ ಬ್ಯಾಟರಿಯ ಆಸಿಡ್ ದಶಕಗಳ ಕಾಲ ತೊಟ್ಟಿಕ್ಕಿ ಟ್ರೇಯನ್ನು ತಿಂದಿರುತ್ತದೆ, ಅಲ್ಲಿಂದ ಇಳಿದು ಫೈರ್‌ವಾಲ್‌ಗೂ ಕೆಳಗಿನ ಫ್ರೇಮ್ ರೈಲಿಗೂ ಹಿಡಿದಿರುತ್ತದೆ. ಟ್ರೇ ಹೊಸದಾಗಿ ಫಳಫಳ ಹೊಳೆಯುತ್ತಿದ್ದರೆ ಅದರ ಕೆಳಗೆ ಇನ್ನಷ್ಟು ಹುಷಾರಾಗಿ ನೋಡಿ. ಮುಂದಿನ ಗಾಜಿನ ಬುಡದ ಜಾಲರಿಯೊಳಗೆ ಎಲೆ ಕಸ ಸೇರಿ ನೀರಿಳಿಯುವ ದಾರಿ ಕಟ್ಟಿಕೊಳ್ಳುತ್ತದೆ. ನಿಂತ ನೀರು ಒಳಗೊಳಗೇ ಕೊಳೆಸಿ, ಮುಂದಿನ ಮಡ್‌ಗಾರ್ಡಿನ ಹಿಂಭಾಗದ ಕೆಳತುದಿಯಲ್ಲಿ ಗುಳ್ಳೆಯಾಗಿ ಹೊರಬರುತ್ತದೆ. ಪೇಂಟ್ ಮೇಲೆ ಹೆಸರುಕಾಳಿನಷ್ಟು ಗುಳ್ಳೆ ಕಂಡರೆ ಒಳಗೆ ಅಂಗೈ ಅಗಲ ಹೋಗಿದೆ ಎಂದೇ ಲೆಕ್ಕ ಹಾಕಿ.

ಫ್ಲೋರ್ ಕೆಳಗಿನ ಎರಡು ಉದ್ದ ರೈಲುಗಳದ್ದು ತೆಳು ತಗಡು. ಗೊತ್ತಿಲ್ಲದವರು ಅಲ್ಲೇ ಜ್ಯಾಕ್ ಕೊಟ್ಟು ನಜ್ಜುಗುಜ್ಜು ಮಾಡಿರುತ್ತಾರೆ. ನಜ್ಜಿದ ರೈಲಿನೊಳಗೆ ನೀರು ನಿಂತು ತುಕ್ಕು ಬೇಗ ಬರುತ್ತದೆ. ಮೇಲಿಂದ ಕಾರ್ಪೆಟ್ ಎತ್ತಿ ಫ್ಲೋರ್ ನೋಡಿ, ಟಾರ್ ಬಳಿದಿದ್ದರೆ ಹಿಡಿಯಿಂದ ಬಡಿಯಿರಿ. ಗಟ್ಟಿ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ರಟ್ಟಿನ ಹಾಗೆ ದಬ್ ಅನ್ನುತ್ತದೆ. ಹಿಂದಿನ ಚಕ್ರದ ಮುಂಭಾಗದ ಕೆಳಮೂಲೆಯ ಮೇಲೆ ಅಯಸ್ಕಾಂತ ಎಳೆಯಿರಿ. ಅದು ಜಾರಿದ ಕಡೆ ಪುಟ್ಟಿ ಇದೆ. ಸ್ಟೆಪ್ನಿ ಗುಂಡಿ, ಹಿಂದಿನ ಬಾಗಿಲಿನ ಹೊಸ್ತಿಲು ಕೊನೆಗೆ.

ಫ್ಲೋರ್ ಬದಲಾಯಿಸಿದ್ದಾರೆ ಎಂಬುದೇ ದೋಷವಲ್ಲ. ವೆಲ್ಡಿಂಗ್ ಅಂಚು ಸಮನಾಗಿದ್ದು ಕೆಲಸದ ಫೋಟೊಗಳಿದ್ದರೆ ಆ ಗಾಡಿ, ಯಾರೂ ಮುಟ್ಟದೆ ಕೊಳೆತ ಮೂಲ ಗಾಡಿಗಿಂತ ಎಷ್ಟೋ ವಾಸಿ.

ಬಿಚ್ಚಬಹುದಾದ ಬದಲಾವಣೆಗಳು

ಕೆಲವನ್ನು ಕಂಡರೆ ಸಂತೋಷಪಡಬೇಕು. ಮೂಲ ವೈರಿಂಗಿನಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಸ್ಟಿಯರಿಂಗ್ ಬಳಿಯ ಸ್ವಿಚ್ಚಿನ ಮೂಲಕವೇ ಹಾಯುತ್ತದೆ. ಹಳೆಯ ಸ್ವಿಚ್ಚು, ಫ್ಯೂಸ್ ಬಾಕ್ಸು ಕಾದು ಕರಗುತ್ತವೆ. ಆ ಕರೆಂಟನ್ನು ಸ್ವಿಚ್ಚು ತಪ್ಪಿಸಿ ಒಯ್ಯುವ ರಿಲೇ ಹಾಕಿಸಿದ್ದರೆ ಆ ಭಯವಿಲ್ಲ. ನಾಲ್ಕು ಗೇರಿನ ಬದಲು ಮುಂದಿನ ಝಡ್‌ಗಳ ಐದು ಗೇರಿನ ಬಾಕ್ಸು, ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಕೂಡ ಒಳ್ಳೆಯ ಕೆಲಸವೇ. ಇಗ್ನಿಷನ್ ಬದಲಾಗಿದ್ದರೆ ಎಂಜಿನ್ನಿನ ಸುತ್ತು ತೋರಿಸುವ ಟ್ಯಾಕೋಮೀಟರ್ ಮುಳ್ಳು ಏಳುತ್ತದೆಯೇ ನೋಡಿ, ಹಲವು ಸಲ ಅದು ಸತ್ತಿರುತ್ತದೆ. 1973ರ ಗಾಡಿಗೆ ಬಂದ ಚಪ್ಪಟೆ ತಲೆಯ ಕಾರ್ಬುರೇಟರ್‌ಗಳು ಬಿಸಿಗೆ ಕಾಟ ಕೊಡುವುದರಿಂದ ಹಿಂದಿನ ವರ್ಷಗಳ ದುಂಡು ತಲೆಯವನ್ನು ಹಾಕಿಸಿದವರೇ ಜಾಸ್ತಿ. ಬಿಚ್ಚಿದ ಹಳೆಯ ಭಾಗಗಳು ಡಬ್ಬದಲ್ಲಿವೆಯೇ ಎಂದು ಕೇಳಿ, ಇದ್ದರೆ ಗಾಡಿಯ ಜೊತೆಗೇ ಬರೆಸಿಕೊಳ್ಳಿ.

ಕತ್ತರಿಸಿದ ಬದಲಾವಣೆಗಳು

ಮಡ್‌ಗಾರ್ಡ್ ಅಗಲ ಮಾಡುವ ಫ್ಲೇರ್‌ಗಳನ್ನು ಬೋಲ್ಟ್ ಹಾಕಿಯೇ ಕೂರಿಸುತ್ತಾರೆ, ಅದನ್ನು ತೋರಿಸಿ 'ಬಿಚ್ಚಬಹುದು' ಅನ್ನುತ್ತಾರೆ. ಸಾಮಾನ್ಯವಾಗಿ ಅದರ ಕೆಳಗೆ ಚಕ್ರದ ಕಮಾನನ್ನು ಕತ್ತರಿಸಿರುತ್ತಾರೆ. ಹಿಂದಿನ ಕಮಾನಿನಲ್ಲಿ ಒಳತಗಡು ಹೊರತಗಡು ಎರಡೂ ಕೂಡಿವೆ. ಕತ್ತರಿಸಿದ ಮೇಲೆ ಅವೆರಡನ್ನೂ ಮತ್ತೆ ಬೆಸೆದು ಸೀಲ್ ಮಾಡಿರದಿದ್ದರೆ ಟೈರ್ ಎರಚುವ ನೀರು ನೇರ ಒಳಗೆ. ಚಕ್ರ ಬಿಚ್ಚಿಸಿ, ಬೆರಳಾಡಿಸಿ ನೋಡಿ.

ವಿ8 ಅಥವಾ ಟರ್ಬೊ ಎಂಜಿನ್ ಕೂರಿಸಿದ ಗಾಡಿಯಲ್ಲಿ ಎಂಜಿನ್ನಿಗಿಂತ ಅದರ ಸುತ್ತಲಿನದು ಮುಖ್ಯ. ಮೂಲ ಎಂಜಿನ್ನಿಗೆ ಹೇಳಿದ್ದ ಶಕ್ತಿ 151 ಎಚ್‌ಪಿ. ಅದರ ಎರಡು ಪಟ್ಟು ಬಂದಾಗ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಹಳೆಯ ಆರ್180 ಆಗಿಯೇ ಉಳಿದಿದ್ದರೆ ಅದು ಹೆಚ್ಚು ದಿನ ಬಾಳುವುದಿಲ್ಲ, ಕನಿಷ್ಠ ಅದಕ್ಕಿಂತ ಗಟ್ಟಿಯಾದ ಆರ್200 ಇರಬೇಕು. ರೈಲುಗಳನ್ನು ಬಲಪಡಿಸಿದ್ದಾರೆಯೇ, ಬ್ರೇಕ್ ದೊಡ್ಡದಾಗಿದೆಯೇ, ಪೆಟ್ರೋಲ್ ಪೈಪು ಸೈಲೆನ್ಸರಿನಿಂದ ದೂರವಿದೆಯೇ? ಗಾಡಿ ತಗ್ಗಿಸಲು ಸಸ್ಪೆನ್ಷನ್ ಕೊಳವೆ ಕತ್ತರಿಸಿ ಬೆಸೆದಿದ್ದರೆ ಆ ವೆಲ್ಡಿಂಗ್ ಸುತ್ತಲೂ ಒಂದೇ ಸಮ ಹರಿದಿರಬೇಕು. ಗುಡ್ಡೆ ಗುಡ್ಡೆಯಾಗಿದ್ದರೆ ಕೊಳ್ಳಬೇಡಿ, ಅದು ತಿರುವಿನಲ್ಲಿ ಪ್ರಾಣ ಹಿಡಿದಿರುವ ಜಾಗ.

ಮೂಲ ರೂಪದ್ದು ಸಿಕ್ಕರೆ

ಮೂಲದ್ದು ಅಂದರೆ ಚೆನ್ನಾಗಿದೆ ಎಂದರ್ಥವಲ್ಲ. ರಬ್ಬರು, ಬ್ರೇಕ್ ಹೋಸು, ಪೆಟ್ರೋಲ್ ಟ್ಯಾಂಕಿನ ಒಳಗೋಡೆ, ಎಲ್ಲಕ್ಕೂ 50 ವರ್ಷ ದಾಟಿದೆ. ಬಿರುಕಿಲ್ಲದ ಡ್ಯಾಶ್‌ಬೋರ್ಡ್ ಅಪರೂಪ, ಬಿರುಕು ಮುಚ್ಚಲು ಮೇಲೆ ಹೊದಿಸಿದ ಪ್ಲಾಸ್ಟಿಕ್ ಕವಚವನ್ನು ಅಂಚಿನಲ್ಲಿ ಉಗುರು ಹಾಕಿ ಗುರುತಿಸಿ. ಹಿಂದಿನ ಬುಷ್ ಬದಲಾಯಿಸಲು ಹೊರಟರೆ ಕೆಳತೋಳನ್ನು ಹಿಡಿದ ಉದ್ದನೆಯ ಸ್ಪಿಂಡಲ್ ಪಿನ್ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ನಡುವಿನ ಲಾಕ್ ಪಿನ್ ತೆಗೆಯದೆ ತುದಿಗೆ ಸುತ್ತಿಗೆ ಏಟು ಹಾಕಿದರೆ ಥ್ರೆಡ್ ಅಣಬೆಯ ಹಾಗೆ ಅರಳಿ ಪಿನ್ ಅಲ್ಲೇ ಕೂರುತ್ತದೆ. ಪ್ರೆಸ್ ಇರುವ ಗ್ಯಾರೇಜಿನ ಕೂಲಿಯನ್ನು ಬೆಲೆಯಲ್ಲಿ ಮೊದಲೇ ಕಳೆಯಿರಿ.

ಕಡೆಗೆ ಓಡಿಸಿ. ಗೇರ್ ಬದಲಾಯಿಸುವಾಗ ಹಿಂದಿನಿಂದ 'ಟಕ್' ಎಂದರೆ ಡಿಫರೆನ್ಷಿಯಲ್ ಮೌಂಟ್ ಅಥವಾ ಯೂನಿವರ್ಸಲ್ ಜಾಯಿಂಟ್ ಸವೆದಿದೆ. ಕಿಟಕಿ ಇಳಿಸಿದಾಗ ಹೊಗೆ ವಾಸನೆ ಒಳಗೆ ಬಂದರೆ ಹಿಂಬಾಗಿಲ ರಬ್ಬರು, ಟೇಲ್‌ಲೈಟ್ ಗ್ಯಾಸ್ಕೆಟ್ ಹೋಗಿವೆ. ಅರ್ಧ ಗಂಟೆ ಓಡಿಸಿ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಬಿಸಿ ಎಂಜಿನ್ ಸತಾಯಿಸದೆ ಹೊತ್ತಿಕೊಂಡ ಮೇಲೆಯೇ ಬೆಲೆಯ ಮಾತು ತೆಗೆಯಿರಿ.