ಹತ್ತು ಕಿ.ಮೀ. ಓಟ: ನಿಮ್ಮ ಥ್ರೆಶೋಲ್ಡ್ ವೇಗ ಕಂಡುಕೊಳ್ಳುವುದು ಹೇಗೆ?

ಕಬ್ಬನ್ ಪಾರ್ಕಿನಲ್ಲಿ ಭಾನುವಾರ ಬೆಳಿಗ್ಗೆ ಓಡುವವರನ್ನು ಗಮನಿಸಿ. ನಿಧಾನ ಓಡಬೇಕಾದವರು ಏದುಸಿರು ಬಿಡುತ್ತಿರುತ್ತಾರೆ, ಹಾಗಾಗಿ ಜೋರು ಓಡಬೇಕಾದ ದಿನ ಅವರ ಕಾಲೇ ಏಳುವುದಿಲ್ಲ.

ದೂರದ ಓಟ ಮೂರು ಸಾಮರ್ಥ್ಯಗಳ ಮೇಲೆ ನಿಂತಿದೆ. ದೇಹ ನಿಮಿಷಕ್ಕೆ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬುದು ವಿಒ2 ಮ್ಯಾಕ್ಸ್. ಅದರಲ್ಲಿ ಎಷ್ಟು ಪಾಲನ್ನು ಬಹಳ ಹೊತ್ತು ಬಳಸುತ್ತಾ ಓಡಬಹುದು ಎಂಬುದನ್ನು ಥ್ರೆಶೋಲ್ಡ್, ಅಂದರೆ ದಾಟಿದರೆ ದಣಿವು ಬೇಗನೆ ಏರುವ ವೇಗದ ಗಡಿ, ನಿರ್ಧರಿಸುತ್ತದೆ. ಒಂದೇ ವೇಗಕ್ಕೆ ಎಷ್ಟು ಕಡಿಮೆ ಆಮ್ಲಜನಕ ಸಾಕು ಎಂಬುದು ಓಟದ ಮಿತವ್ಯಯ. ವಾಚು ತೋರಿಸುವ ವಿಒ2 ಮ್ಯಾಕ್ಸ್ ಬರೀ ಅಂದಾಜು, ಅದರ ಹಿಂದೆ ಬೀಳಬೇಡಿ. ಹವ್ಯಾಸಿಗಳು ಮೊದಲು ಕೈಹಾಕಬೇಕಾದದ್ದು ಥ್ರೆಶೋಲ್ಡ್‌ಗೆ.

ಹಂತ 1: ಆರು ವಾರ, ವಾರಕ್ಕೆ ನಾಲ್ಕು ದಿನ, ಪೂರ್ತಿ ವಾಕ್ಯ ಮಾತಾಡಿಕೊಂಡೇ ಓಡುವಷ್ಟು ನಿಧಾನವಾಗಿ ಓಡಿ. ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರು ವೈದ್ಯರನ್ನು ಕೇಳಿಯೇ ಮುಂದಿನ ಹಂತಕ್ಕೆ ಹೋಗಿ.

ಹಂತ 2: ಪರೀಕ್ಷೆ. ಎಲ್ಲರೂ ಎಡವುವುದು ಇಲ್ಲೇ. 400 ಮೀಟರಿನ ಟ್ರ್ಯಾಕ್ ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ಏರಿಳಿತವಿಲ್ಲದ ರಸ್ತೆ ಸಾಕು. ಹಿಂದಿನ ದಿನ ವಿಶ್ರಾಂತಿ ಇರಲಿ. 15 ನಿಮಿಷ ಮೆಲ್ಲಗೆ ಓಡಿ, ನಡುವೆ 20 ಸೆಕೆಂಡಿನ ನಾಲ್ಕು ಚುರುಕು ಓಟ ಸೇರಿಸಿ. ಆಮೇಲೆ ಒಬ್ಬರೇ 30 ನಿಮಿಷ, ಕೊನೆವರೆಗೂ ಒಂದೇ ಸಮನೆ ಓಡಬಲ್ಲ ಅತಿ ಹೆಚ್ಚಿನ ವೇಗದಲ್ಲಿ ಓಡಿ. ಮೊದಲ ಐದು ನಿಮಿಷ ‘ಇದು ತೀರಾ ಸುಲಭವಾಯಿತಲ್ಲ’ ಅನ್ನಿಸಬೇಕು. ಹಾಗನ್ನಿಸದಿದ್ದರೆ ಇಪ್ಪತ್ತನೇ ನಿಮಿಷಕ್ಕೆ ಕುಸಿಯುತ್ತೀರಿ, ಆ ಪರೀಕ್ಷೆಯ ಲೆಕ್ಕ ಕೆಲಸಕ್ಕೆ ಬಾರದು. ಕೊನೆಯ ಸುತ್ತು ಮೊದಲ ಸುತ್ತಿಗಿಂತ ಐದಾರು ಸೆಕೆಂಡಿಗಿಂತ ಹೆಚ್ಚು ತಡವಾದರೆ ವಾರ ಬಿಟ್ಟು ಮತ್ತೆ ಮಾಡಿ.

ಲೆಕ್ಕ ಹೀಗೆ: 30 ನಿಮಿಷದಲ್ಲಿ 15 ಸುತ್ತು, ಅಂದರೆ 6 ಕಿ.ಮೀ. ಓಡಿದ್ದರೆ ಸರಾಸರಿ ಕಿ.ಮೀ.ಗೆ 5 ನಿಮಿಷ. ಅದಕ್ಕೆ 5ರಿಂದ 10 ಸೆಕೆಂಡು ಸೇರಿಸಿ, ಅದೇ ನಿಮ್ಮ ಥ್ರೆಶೋಲ್ಡ್ ವೇಗ. ಸುತ್ತಿಗೆ 2 ನಿಮಿಷ 2ರಿಂದ 4 ಸೆಕೆಂಡು. ಕೊನೆಯ 20 ನಿಮಿಷದ ಸರಾಸರಿ ಹೃದಯಬಡಿತವನ್ನೂ ಬರೆದಿಟ್ಟುಕೊಳ್ಳಿ. ಇದಕ್ಕೆ ಎದೆಪಟ್ಟಿಯೇ (ಎದೆಗೆ ಕಟ್ಟಿಕೊಳ್ಳುವ ಹೃದಯಬಡಿತ ಮಾಪಕ) ಬೇಕು. ಮಣಿಕಟ್ಟಿನ ವಾಚು ಕೆಲವೊಮ್ಮೆ ಹೆಜ್ಜೆಯ ಲಯವನ್ನೇ ನಾಡಿಬಡಿತ ಎಂದು ಎಣಿಸುತ್ತದೆ. ಗರಿಷ್ಠ ಹೃದಯಬಡಿತ ತಿಳಿಯಲು ‘220ರಲ್ಲಿ ವಯಸ್ಸು ಕಳೆಯಿರಿ’ ಎಂಬ ಸೂತ್ರ ಹತ್ತು ಹನ್ನೆರಡು ಬಡಿತ ಆಚೀಚೆಯಾಗುವುದು ಮಾಮೂಲಿ, ಅದನ್ನು ಬಿಟ್ಟುಬಿಡಿ.

ಹಂತ 3: ವಾರಕ್ಕೊಮ್ಮೆ ಆ ವೇಗದಲ್ಲಿ 6 ನಿಮಿಷದ ನಾಲ್ಕು ಓಟ, ನಡುನಡುವೆ 1 ನಿಮಿಷ ಮೆಲ್ಲನೆ ಓಟ. ಐದಾರು ವಾರದಲ್ಲಿ 10 ನಿಮಿಷದ ಮೂರಕ್ಕೆ ಏರಿಸಿ. ಓಡುವಾಗ ಎರಡು ಮೂರು ಪದ ಆಡಲು ಬರಬೇಕು. ಒಂದೂ ಬಾರದಿದ್ದರೆ ಹದ ಮೀರಿದ್ದೀರಿ. ಸ್ನಾಯುಗಳು ಸಕ್ಕರೆ ಒಡೆಯುವಾಗ ಲ್ಯಾಕ್ಟೇಟ್ ಎಂಬ ವಸ್ತುವನ್ನು ಉತ್ಪಾದಿಸುತ್ತವೆ, ಇಂಧನವಾಗಿಯೂ ಸುಡುತ್ತವೆ. ಥ್ರೆಶೋಲ್ಡ್ ದಾಟಿದರೆ ಉತ್ಪಾದನೆ ಮುಂದಾಗಿ ರಕ್ತದಲ್ಲಿ ಅದರ ಮಟ್ಟ ಏರುತ್ತಾ ಹೋಗುತ್ತದೆ, ಅಭ್ಯಾಸ ಬೇರೆಯದೇ ಆಗುತ್ತದೆ. (ಮರುದಿನದ ಮೈಕೈ ನೋವಿಗೆ ಲ್ಯಾಕ್ಟೇಟ್ ಕಾರಣವಲ್ಲ.) ಮಂಗಳೂರಿನ ಸೆಕೆಯಲ್ಲೋ ರಾಯಚೂರಿನ ಬಿಸಿಲಲ್ಲೋ ಓಡುವವರು ಗಡಿಯಾರ ಬಿಟ್ಟು ಉಸಿರನ್ನು ನಂಬಿ. ಅದೇ ಶ್ರಮಕ್ಕೆ ಅಲ್ಲಿ ವೇಗ ಇಳಿಯುವುದು ಸಹಜ.

ಹಂತ 4: ಮಿತವ್ಯಯಕ್ಕೆ ವಾರಕ್ಕೆರಡು ಸಲ ಹಿಮ್ಮಡಿ ಎತ್ತುವುದು, ಸ್ಕ್ವಾಟ್ (ಕುಕ್ಕರಗಾಲಲ್ಲಿ ಕೂತು ಏಳುವುದು), ಹಗ್ಗ ಜಿಗಿಯುವುದು. ವಿಒ2 ಮ್ಯಾಕ್ಸ್‌ಗೆ 3 ನಿಮಿಷದ ಐದು ಜೋರು ಓಟ, ಅದೂ ರೇಸಿಗೆ ಆರು ವಾರ ಇದ್ದಾಗಿನಿಂದ. ‘ಬೆಟ್ಟದ ಮೇಲಿನ ಗಾಳಿ’ ಎಂದು ಮಾರುವ ಮಾಸ್ಕ್‌ಗೆ ದುಡ್ಡು ಸುರಿಯಬೇಡಿ. ಅದು ಉಸಿರಾಟಕ್ಕೆ ತಡೆ ಒಡ್ಡುತ್ತದೆ ಅಷ್ಟೇ, ಎತ್ತರದ ತೆಳುಗಾಳಿಯ ಪರಿಣಾಮ ಬಾರದು. ಕಾರ್ಬನ್ ಪ್ಲೇಟಿನ (ಅಟ್ಟೆಯೊಳಗೆ ಕಾರ್ಬನ್ ಹಾಳೆ ಇರುವ) ಶೂ ಕೊಳ್ಳುವುದಿದ್ದರೆ ರೇಸಿಗೆ ಮೀಸಲಿಡಿ.

ಎಂಟು ವಾರಕ್ಕೊಮ್ಮೆ ಅದೇ ಟ್ರ್ಯಾಕ್, ಅದೇ ಹೊತ್ತು, ಅದೇ ಶೂನಲ್ಲಿ ಮರುಪರೀಕ್ಷೆ ಮಾಡಿ. ಅಲ್ಲಿಯವರೆಗೆ ‘ಇವತ್ತು ಮೈ ಹಗುರಾಗಿದೆ’ ಎಂದು ವೇಗ ಏರಿಸಬೇಡಿ.