ಎದೆಗೊಂದು ಹದ, ಕಾಲಿಗೊಂದು ಹದ: ಥ್ಯಾಂಕ್ಸ್‌ಗಿವಿಂಗ್ ಟರ್ಕಿ ಮಾಡಿದ ನನ್ನ ಅನುಭವ

ಟರ್ಕಿ ಕೋಳಿ ಅಂದರೆ ಒಣಕಲು ಮಾಂಸ, ಗ್ರೇವಿ ಸುರಿದುಕೊಂಡು ಹೇಗೋ ನುಂಗಬೇಕು ಅಂತ ಅಮೆರಿಕದಲ್ಲಿರುವ ನಮ್ಮವರು ಬಹಳ ಜನ ನಂಬಿದ್ದಾರೆ. ಇಲ್ಲಿಯವರಿಗೂ ಅದರ ಭಯ ಇದ್ದೇ ಇದೆ. ಟರ್ಕಿ ಮಾಡಲು ಹೋಗಿ ಕೈಕಾಲು ಬಿಡುವವರಿಗಾಗಿಯೇ ಟರ್ಕಿ ಮಾರುವ ಬಟರ್‌ಬಾಲ್ ಕಂಪನಿ 1981ರಿಂದ ಫೋನ್ ಸಹಾಯವಾಣಿ ನಡೆಸುತ್ತಿದೆ. ನಾನಿರುವುದು ನ್ಯೂಜೆರ್ಸಿಯಲ್ಲಿ. ನವೆಂಬರ್‌ನ ನಾಲ್ಕನೇ ಗುರುವಾರ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ನಮ್ಮ ಮನೆಗೆ ಊಟಕ್ಕೆ ಬರುವವರಲ್ಲಿ ಅರ್ಧ ಜನ ಸಸ್ಯಾಹಾರಿಗಳು. ಅವರಿಗೆ ಬಿಸಿಬೇಳೆಬಾತ್ ಇರುತ್ತದೆ, ಚಿಂತೆಯಿಲ್ಲ. ಉಳಿದವರು ಮಂಡ್ಯ, ಹಾಸನದ ಕಡೆಯವರು, ನಾಟಿ ಕೋಳಿ ಸಾರು ತಿಂದು ಬೆಳೆದವರು. ಅವರಿಗೆ ಟರ್ಕಿ ಬಡಿಸಿ ಸೈ ಅನ್ನಿಸಿಕೊಳ್ಳುವುದು ಸ್ವಲ್ಪ ಕಷ್ಟವೇ.

ನಮ್ಮ ಕಡೆ ಕೋಳಿ ಬೆಂದಿದೆ ಅನ್ನಬೇಕಾದರೆ ಮಾಂಸ ಮೂಳೆ ಬಿಡಬೇಕು. ಟರ್ಕಿ ವಿಷಯದಲ್ಲಿ ತೊಂದರೆ ಶುರುವಾಗುವುದೇ ಇಲ್ಲಿ. ಕಾಲಿನಲ್ಲಿ, ತೊಡೆಯಲ್ಲಿ ಅಂಟಿನಂಥ ಕೊಲಾಜನ್ ಜಾಸ್ತಿ. ಅದು ಕರಗಿ ಮೆತ್ತಗಾಗಬೇಕಾದರೆ ಮಾಂಸದ ಒಳಗೆ 175 ಡಿಗ್ರಿ ಫ್ಯಾರನ್‌ಹೀಟ್ ಆದರೂ ಮುಟ್ಟಬೇಕು, ಅಂದರೆ ಸುಮಾರು 80 ಡಿಗ್ರಿ ಸೆಲ್ಸಿಯಸ್. ಎದೆಯಲ್ಲಿ ಕೊಲಾಜನ್ ಕಡಿಮೆ, ಕೊಬ್ಬೂ ಕಡಿಮೆ. 165 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಮೇಲೆ ಹೋದಷ್ಟೂ ಅದು ನೀರು ಬಿಡುತ್ತಾ ಹೋಗುತ್ತದೆ. ಹಕ್ಕಿ ಒಂದೇ, ಒಲೆಯೂ ಒಂದೇ, ಬೇಕಾಗಿರುವ ಹದ ಮಾತ್ರ ಎರಡು. ಕಾಲು ಬೇಯಲಿ ಅಂತ ಕಾಯುತ್ತಾ ಕೂತರೆ ಎದೆ ಹತ್ತಿಯಾಗುತ್ತದೆ. ನಾನು ಮಾಡುವ ಕೆಲಸವೆಲ್ಲ ಈ ಎರಡನ್ನೂ ಒಟ್ಟಿಗೆ ಹದಕ್ಕೆ ತರುವುದಕ್ಕೇ.

ಮೊದಲು ಅಂಗಡಿಯ ವಿಷಯ. ನಾನು 12ರಿಂದ 14 ಪೌಂಡ್ ತೂಗುವ ಹಕ್ಕಿಗಿಂತ ದೊಡ್ಡದನ್ನು ತರುವುದಿಲ್ಲ. ತಲೆಗೆ ಒಂದರಿಂದ ಒಂದೂವರೆ ಪೌಂಡ್ ಅಂತ ಇಲ್ಲಿ ಲೆಕ್ಕ ಹಾಕುತ್ತಾರೆ. ಜನ ಜಾಸ್ತಿ ಇದ್ದರೆ ಬೇರೆಯಾಗಿ ಕಾಲುಗಳನ್ನೋ ಇನ್ನೊಂದು ಎದೆಯನ್ನೋ ಕೊಳ್ಳುತ್ತೇನೆ. 22 ಪೌಂಡಿನ ದೈತ್ಯ ಟೇಬಲ್ ಮೇಲೆ ಚೆನ್ನಾಗಿ ಕಾಣಬಹುದು, ಆದರೆ ಅದರ ಒಳಗೆ ಬಿಸಿ ಮುಟ್ಟುವಷ್ಟರಲ್ಲಿ ಹೊರಗಿನ ಮಾಂಸದ ಕಥೆ ಮುಗಿದಿರುತ್ತದೆ. ಕೊಳ್ಳುವಾಗ ಲೇಬಲ್ ಓದಲೇಬೇಕು. ಎಷ್ಟೋ ಫ್ರೋಜನ್ ಟರ್ಕಿಗಳಿಗೆ ಕಾರ್ಖಾನೆಯಲ್ಲೇ ಉಪ್ಪುನೀರಿನ ಇಂಜೆಕ್ಷನ್ ಕೊಟ್ಟಿರುತ್ತಾರೆ. ಶೇಕಡಾ ಇಷ್ಟು ದ್ರಾವಣ ಸೇರಿದೆ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಯಹೂದಿ ಧರ್ಮದ ನಿಯಮದಂತೆ ತಯಾರಾದ ಕೋಷರ್ ಟರ್ಕಿಗೂ ಮೊದಲೇ ಉಪ್ಪು ಹಾಕಿರುತ್ತಾರೆ. ಅಂಥವಕ್ಕೆ ಮತ್ತೆ ಪೂರ್ತಿ ಉಪ್ಪು ಸವರಿದರೆ ಬಾಯಿಗಿಡಲು ಆಗುವುದಿಲ್ಲ. ಏನೂ ಸೇರಿಸದ ಹಕ್ಕಿ ಸಿಕ್ಕರೆ ನಾನು ಅದನ್ನೇ ತರುತ್ತೇನೆ. ಉಪ್ಪಿನ ಲೆಕ್ಕ ನಮ್ಮ ಕೈಯಲ್ಲೇ ಇರಲಿ.

ಕರಗಿಸುವುದಕ್ಕೆ ಆತುರ ಪಡಬಾರದು. ಫ್ರಿಜ್‌ನಲ್ಲಿ ನಾಲ್ಕೈದು ಪೌಂಡಿಗೆ ಒಂದು ದಿನ ಬೇಕು. ನಮ್ಮ ಮನೆಯಲ್ಲಿ ಹಿಂದಿನ ಶುಕ್ರವಾರ ರಾತ್ರಿಯೇ ಅದು ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಯುತ್ತದೆ. ಎಲ್ಲಕ್ಕಿಂತ ಕೆಳಗಿನ ಶೆಲ್ಫಿನಲ್ಲಿ, ಅಂಚಿರುವ ಟ್ರೇ ಮೇಲೆ ಇಡಬೇಕು, ಇಲ್ಲದಿದ್ದರೆ ರಕ್ತನೀರು ಸೋರಿ ಕೊತ್ತಂಬರಿ ಸೊಪ್ಪಿನ ಮೇಲೆ ಹರಿಯುತ್ತದೆ. ಸೋಮವಾರ ನೋಡಿದಾಗ ಹೊಟ್ಟೆಯೊಳಗೆ ಇನ್ನೂ ಮಂಜುಗಡ್ಡೆ ಇದ್ದರೆ, ನೀರು ಒಳಗೆ ಹೋಗದಂತೆ ಕವರ್ ಕಟ್ಟಿ ತಣ್ಣೀರಿನಲ್ಲಿ ಮುಳುಗಿಸಿ ಅರ್ಧ ಗಂಟೆಗೊಮ್ಮೆ ನೀರು ಬದಲಾಯಿಸುತ್ತೇನೆ. ಕಿಚನ್ ಕೌಂಟರ್ ಮೇಲೆ ಇಟ್ಟು ಕರಗಿಸಬೇಡಿ. ಒಳಗೆ ಕಲ್ಲಿನಂತೆ ಇರುವಾಗಲೇ ಹೊರಗೆ ಕೆಡಲು ಶುರುವಾಗುತ್ತದೆ. ಇನ್ನೊಂದು ಮಾತು, ನಮ್ಮವರು ಬೇಗ ಒಪ್ಪುವುದಿಲ್ಲ: ಸಿಂಕ್‌ನಲ್ಲಿ ಟರ್ಕಿಯನ್ನು ತೊಳೆಯುವುದು ಬೇಡ. ಕ್ರಿಮಿ ಸಾಯುವುದು ಬೆಂಕಿಗೆ. ತೊಳೆದರೆ ಹನಿ ಹಾರಿ ಅವು ಅಡುಗೆಮನೆಯಲ್ಲೆಲ್ಲ ಹರಡುತ್ತವೆ, ಅಷ್ಟೇ. ಪೇಪರ್ ಟವೆಲ್‌ನಿಂದ ಒತ್ತಿ ಒರೆಸಿದರೆ ಸಾಕು.

ಆಮೇಲೆ ಕತ್ತರಿ ಕೆಲಸ. ಹೊಟ್ಟೆಯಲ್ಲಿ, ಕುತ್ತಿಗೆಯ ಕಡೆ ತುರುಕಿರುವ ಕತ್ತು, ಲಿವರ್, ಗುಂಡಿಗೆ ಎಲ್ಲವನ್ನೂ ತೆಗೆದಿಡುತ್ತೇನೆ. ಹಕ್ಕಿಯನ್ನು ಬೋರಲು ಹಾಕಿ, ಗಟ್ಟಿ ಕತ್ತರಿಯಿಂದ ಬೆನ್ನುಮೂಳೆಯ ಎರಡೂ ಪಕ್ಕ ಕತ್ತರಿಸಿ ಮೂಳೆಯನ್ನೇ ಹೊರಗೆ ತೆಗೆಯುತ್ತೇನೆ. ಮತ್ತೆ ಅಂಗಾತ ಮಾಡಿ, ಎದೆಯ ನಡುವೆ ಎರಡೂ ಅಂಗೈ ಇಟ್ಟು ಮೈಭಾರ ಹಾಕಿ ಒತ್ತುತ್ತೇನೆ. ಲಟಕ್ ಅಂತ ಮುರಿದು ಚಪ್ಪಟೆಯಾಗುತ್ತದೆ. ಕೈಯಲ್ಲಿ ಬಲವಿಲ್ಲ ಅನ್ನುವವರು ಮಾಂಸದಂಗಡಿಯವನಿಗೆ ಹೇಳಿದರೆ ಅವನೇ ಮಾಡಿಕೊಡುತ್ತಾನೆ. ಇದರಿಂದ ಆಗುವ ಲಾಭ ದೊಡ್ಡದು. ಇಡೀ ಹಕ್ಕಿಯಲ್ಲಿ ಎದೆ ಮೇಲೆ ಉಬ್ಬಿ ನಿಂತು ಬಿಸಿಗೆ ಮೊದಲು ಸಿಕ್ಕುತ್ತದೆ, ತೊಡೆಗಳು ಕೆಳಗೆ ಅವಿತಿರುತ್ತವೆ. ಚಪ್ಪಟೆ ಮಾಡಿದರೆ ತೊಡೆಗಳು ಬದಿಗೆ ಬಂದು ಬಿಸಿಗೆ ಮೈಯೊಡ್ಡುತ್ತವೆ. ಎದೆ 160 ಮುಟ್ಟುವ ಹೊತ್ತಿಗೆ ಅವು 175ರ ಹತ್ತಿರ ಬಂದಿರುತ್ತವೆ. ಇಡೀ ಹಕ್ಕಿಗೆ ಮೂರು ಗಂಟೆಗೂ ಜಾಸ್ತಿ ಹಿಡಿಯುವುದು ಒಂದೂವರೆ ಗಂಟೆಗೆ ಮುಗಿಯುತ್ತದೆ. ಪತ್ರಿಕೆಯ ಮುಖಪುಟದಲ್ಲಿ ಕಾಣುವ ದುಂಡು ಟರ್ಕಿ ಟೇಬಲ್‌ಗೆ ಬರುವುದಿಲ್ಲ, ನಿಜ. ಹೇಗಿದ್ದರೂ ಕತ್ತರಿಸಿಯೇ ತಿನ್ನುವುದು ಅಲ್ವಾ?

ಉಪ್ಪಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬಕೆಟ್ಟಿನಲ್ಲಿ ಉಪ್ಪುನೀರು ಕಲಸಿ ಟರ್ಕಿಯನ್ನು ಮುಳುಗಿಸಿಡುವ ಪದ್ಧತಿ ಇಲ್ಲಿ ಬಹಳ ಇದೆ. ಅದರಿಂದ ಮಾಂಸ ಒದ್ದೆಯಾಗುತ್ತದೆ, ಸುಳ್ಳಲ್ಲ. ಆದರೆ ಸೇರುವುದು ಬರಿಯ ನೀರು. ರುಚಿ ತೆಳ್ಳಗಾಗುತ್ತದೆ, ಚರ್ಮವೂ ಗರಿಗರಿಯಾಗುವುದಿಲ್ಲ. ನಾನು ಒಣ ಉಪ್ಪನ್ನೇ ಸವರುತ್ತೇನೆ. ಮೊದಲು ಉಪ್ಪು ಮಾಂಸದಿಂದ ನೀರನ್ನು ಎಳೆಯುತ್ತದೆ. ಆ ನೀರಿನಲ್ಲಿ ತಾನೇ ಕರಗುತ್ತದೆ. ಆಮೇಲೆ ನಿಧಾನಕ್ಕೆ ಮಾಂಸ ಅದನ್ನು ಮತ್ತೆ ಒಳಗೆ ಹೀರಿಕೊಳ್ಳುತ್ತದೆ. ಒಳಗೆ ಹೋದ ಉಪ್ಪು ಸ್ನಾಯುವಿನ ಪ್ರೋಟೀನನ್ನು ಸಡಿಲ ಮಾಡುವುದರಿಂದ, ಬೇಯುವಾಗ ಅದು ಬಿಗಿದುಕೊಂಡು ರಸ ಹಿಂಡುವುದು ಕಡಿಮೆಯಾಗುತ್ತದೆ. ಇದೆಲ್ಲ ಆಗಲು ಎರಡು ದಿನ ಬೇಕು.

ಅಳತೆ ಹೀಗೆ: ಡೈಮಂಡ್ ಕ್ರಿಸ್ಟಲ್ ಬ್ರ್ಯಾಂಡಿನ ಕೋಷರ್ ಉಪ್ಪಾದರೆ (ದಪ್ಪ ಹರಳಿನ ಉಪ್ಪು) ಪೌಂಡಿಗೆ ಒಂದು ಟೀ ಚಮಚ. ಮಾರ್ಟನ್ ಬ್ರ್ಯಾಂಡಿನ ಕೋಷರ್ ಉಪ್ಪು ಹೆಚ್ಚು ಭಾರ, ಅದಾದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಮನೆಯ ಪುಡಿ ಉಪ್ಪಾದರೆ ಅರ್ಧವೇ ಸಾಕು. ಇದರ ಜೊತೆ ಒಂದೆರಡು ಟೀ ಚಮಚ ಬೇಕಿಂಗ್ ಪೌಡರ್ ಸೇರಿಸುತ್ತೇನೆ. ಸೋಡಾ ಅಲ್ಲ, ಪೌಡರ್. ಚರ್ಮ ಚೆನ್ನಾಗಿ ಕೆಂಪಾಗಿ ಗರಿಗರಿಯಾಗುವುದು ಅದರಿಂದ. ಎದೆಯ ಮೇಲಿನ ಚರ್ಮದ ಕೆಳಗೆ ಬೆರಳು ತೂರಿಸಿ ಸಡಿಲ ಮಾಡಿ, ಒಂದಷ್ಟು ಉಪ್ಪನ್ನು ನೇರವಾಗಿ ಮಾಂಸಕ್ಕೇ ಸವರಬೇಕು. ವಿಡಿಯೋ ಕಾಲ್‌ನಲ್ಲಿ ನೋಡುತ್ತಿದ್ದ ಅಮ್ಮ, ‘ಉಪ್ಪಿನಕಾಯಿ ಹಾಕ್ತಾ ಇದ್ದೀಯೇನವ್ವಾ?’ ಅಂತ ಕೇಳಿದರು. ಹೆಚ್ಚುಕಡಿಮೆ ಅದೇ ಕಣಮ್ಮ, ಅಂದೆ.

ಸವರಿದ ಮೇಲೆ ತಂತಿ ಜಾಲರಿಯ ಮೇಲೆ ಹರಡಿ, ಮುಚ್ಚದೆ ಫ್ರಿಜ್‌ನಲ್ಲಿ ಬಿಡುತ್ತೇನೆ. ಬುಧವಾರ ರಾತ್ರಿ ನೋಡಿದರೆ ಚರ್ಮ ಒಣಗಿ ಕಾಗದದಂತೆ ಕಾಣಬೇಕು.

ಮಸಾಲೆ ಬೇಡವೇ ಅಂತ ಎಲ್ಲರೂ ಕೇಳುತ್ತಾರೆ. ಮೊಸರು, ಶುಂಠಿ ಬೆಳ್ಳುಳ್ಳಿ ಪೇಸ್ಟ್ ಬಳಿದು ತಂದೂರಿ ಟರ್ಕಿ ಮಾಡುವವರು ಇದ್ದಾರೆ. ನನಗೆ ಅದು ಇಷ್ಟವಿಲ್ಲ. ಹಸಿ ಮಸಾಲೆ ಜೋರು ಬಿಸಿಗೆ ಸೀಯುತ್ತದೆ, ಒಳಗಿನ ಮಾಂಸಕ್ಕೆ ಅದು ಇಳಿಯುವುದೂ ಇಲ್ಲ. ನಾನು ಬೆಣ್ಣೆಗೆ ಜಜ್ಜಿದ ಬೆಳ್ಳುಳ್ಳಿ, ಕುಟ್ಟಿದ ಮೆಣಸು, ಹುರಿದು ಪುಡಿ ಮಾಡಿದ ಕರಿಬೇವು ಕಲಸಿ ಚರ್ಮದ ಕೆಳಗೆ ಮೆತ್ತುತ್ತೇನೆ. ಅದು ರುಚಿಗೆ ಮಾತ್ರ. ಬೆಣ್ಣೆಯಿಂದ ಮಾಂಸ ರಸಭರಿತವಾಗುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ. ಕರಗಿ ಟ್ರೇಗೆ ಇಳಿಯುತ್ತದೆ ಅಷ್ಟೇ. ಅರ್ಧ ಗಂಟೆಗೊಮ್ಮೆ ಓವನ್ ತೆಗೆದು ರಸವನ್ನು ಮೇಲೆ ಸುರಿಯುವುದೂ ಹಾಗೆಯೇ. ಸುರಿದದ್ದು ಚರ್ಮದ ಮೇಲಿಂದ ಜಾರಿ ಹೋಗುತ್ತದೆ, ಬಾಗಿಲು ತೆಗೆದದ್ದಕ್ಕೆ ಓವನ್ ತಣ್ಣಗಾಗುತ್ತದೆ, ಗರಿಗರಿ ಆಗಬೇಕಿದ್ದ ಚರ್ಮ ಒದ್ದೆಯಾಗುತ್ತದೆ. ಹೊಟ್ಟೆಯೊಳಗೆ ಬ್ರೆಡ್ಡಿನ ಸ್ಟಫಿಂಗ್ ತುಂಬುವುದನ್ನೂ ಬಿಟ್ಟಿದ್ದೇನೆ. ಒಳಗಿನ ಬ್ರೆಡ್ 165 ಮುಟ್ಟದಿದ್ದರೆ ಅಪಾಯ, ಅದು ಮುಟ್ಟುವ ತನಕ ಬಿಟ್ಟರೆ ಎದೆ ಒಣಗುತ್ತದೆ. ಬೇರೆ ಪಾತ್ರೆಯಲ್ಲಿ ಮಾಡಿದರೆ ಸಸ್ಯಾಹಾರಿಗಳೂ ತಿನ್ನಬಹುದು. ಅದಕ್ಕೆ ತರಕಾರಿ ಬೇಯಿಸಿದ ನೀರು ಹಾಕಿದರಾಯಿತು.

ಗುರುವಾರ ಓವನ್ 425 ಡಿಗ್ರಿಗೆ ಇಡುತ್ತೇನೆ, ಅಂದರೆ ಸುಮಾರು 220 ಸೆಲ್ಸಿಯಸ್. ದೊಡ್ಡ ಟ್ರೇಯಲ್ಲಿ ಈರುಳ್ಳಿ, ಕ್ಯಾರೆಟ್, ಸೆಲೆರಿ ಹರಡಿ ಒಂದೆರಡು ಲೋಟ ನೀರು ಹಾಕಿ, ಮೇಲೆ ಜಾಲರಿ, ಅದರ ಮೇಲೆ ಟರ್ಕಿ. ನೀರು ಹಾಕುವುದು ಟರ್ಕಿಗೆ ಹಬೆ ಕೊಡಲು ಅಲ್ಲ. ಕೆಳಗೆ ಬಿದ್ದ ಕೊಬ್ಬು ಸುಟ್ಟು, ಹೊಗೆಯಾಗಿ, ಸ್ಮೋಕ್ ಅಲಾರಂ ಹೊಡೆದುಕೊಳ್ಳದಿರಲಿ ಅಂತ. ಆ ನೀರೇ ಆಮೇಲೆ ಗ್ರೇವಿಗೆ ಸೇರುತ್ತದೆ. ರೆಕ್ಕೆಯ ತುದಿ ಬೇಗ ಕಪ್ಪಾಗುವುದರಿಂದ ಅದನ್ನು ಎದೆಯ ಕೆಳಗೆ ಮಡಚಿಡಬೇಕು.

ಇನ್ನು ಥರ್ಮಾಮೀಟರ್. ಈ ಅಡುಗೆಗೆ ಒಂದೇ ಒಂದು ಸಾಮಾನು ಕೊಳ್ಳಬೇಕು ಅಂದರೆ ಅದು ಇದೇ. ಕೆಲವು ಟರ್ಕಿಗಳ ಎದೆಗೆ ಬೆಂದಾಗ ಮೇಲೆ ಏಳುವ ಒಂದು ಪ್ಲಾಸ್ಟಿಕ್ ಗುಬಟು ಚುಚ್ಚಿರುತ್ತಾರೆ. ಅದನ್ನು ನಂಬಿ ಕೂರಬೇಡಿ. ಅದು ಎದ್ದೇಳುವ ಹೊತ್ತಿಗೆ ಎಷ್ಟೋ ಸಲ ತಡವಾಗಿರುತ್ತದೆ. ಪೌಂಡಿಗೆ ಇಷ್ಟು ನಿಮಿಷ ಅನ್ನುವ ಲೆಕ್ಕವೂ ಬರೀ ಅಂದಾಜು. ನಾನು ಒಂದು ಗಂಟೆ ಆದ ಮೇಲೆ ನೋಡಲು ಶುರು ಮಾಡುತ್ತೇನೆ. ಎದೆಯ ಅತಿ ದಪ್ಪ ಜಾಗಕ್ಕೆ ಪಕ್ಕದಿಂದ ಚುಚ್ಚಬೇಕು, ಮುಳ್ಳು ಮೂಳೆಗೆ ತಗಲಬಾರದು, ತಗಲಿದರೆ ತಪ್ಪು ಅಂಕಿ ತೋರಿಸುತ್ತದೆ. ಎರಡು ಮೂರು ಕಡೆ ಚುಚ್ಚಿ ಅತಿ ಕಡಿಮೆ ಬಂದ ಅಂಕಿಯನ್ನೇ ನಂಬುವುದು. ಎದೆ 160ಕ್ಕೆ ಬಂದಾಗ ಹೊರಗೆ ತೆಗೆಯುತ್ತೇನೆ. ಒಳಗಿರುವ ಬಿಸಿಗೆ ಅದು ಕೂತಲ್ಲೇ ಇನ್ನೂ ಏರುತ್ತದೆ. ಸುರಕ್ಷಿತ ಅಂತ ಇಲ್ಲಿನ ಕೃಷಿ ಇಲಾಖೆ ಹೇಳುವುದು 165. ಅದಕ್ಕೆ ಮುಟ್ಟಿತೇ ಅಂತ ಹತ್ತು ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡುತ್ತೇನೆ. ಮುಟ್ಟದಿದ್ದರೆ ಓವನ್ ಇನ್ನೂ ಬಿಸಿಯಾಗಿಯೇ ಇರುತ್ತದೆ, ಮತ್ತೆ ಐದು ನಿಮಿಷ ಒಳಗಿಟ್ಟರಾಯಿತು.

ಬಣ್ಣ ನೋಡಿ ತೀರ್ಮಾನ ಮಾಡಬಾರದು. ‘ಅಕ್ಕಾ, ಮೂಳೆ ಹತ್ರ ಇನ್ನೂ ಕೆಂಪಗಿದೆ, ಬೆಂದಿಲ್ಲ ಅನ್ಸುತ್ತೆ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಪೂರ್ತಿ ಬೆಂದ ಟರ್ಕಿಯಲ್ಲೂ ಮೂಳೆಯ ಪಕ್ಕ ನಸುಗೆಂಪು ಉಳಿಯಬಹುದು. ಅವರ ಮುಂದೆಯೇ ಥರ್ಮಾಮೀಟರ್ ಚುಚ್ಚಿ ತೋರಿಸುತ್ತೇನೆ. ಆಮೇಲೂ ಒಪ್ಪದವರಿಗೆ ಕಾಲಿನ ತುಂಡು.

ಹೊರಗೆ ತೆಗೆದ ಮೇಲೆ ಅರ್ಧ ಗಂಟೆ ಮುಟ್ಟುವುದಿಲ್ಲ. ತಕ್ಷಣ ಕೊಯ್ದರೆ ರಸವೆಲ್ಲ ಹಲಗೆಯ ಮೇಲೆ ಹರಿಯುತ್ತದೆ. ಫಾಯಿಲ್ ಬಿಗಿಯಾಗಿ ಮುಚ್ಚಬೇಡಿ, ಹಬೆಗೆ ಚರ್ಮ ಮೆತ್ತಗಾಗುತ್ತದೆ. ಆ ಹೊತ್ತಿನಲ್ಲಿ ಓವನ್ ಖಾಲಿ ಇರುತ್ತದಲ್ಲ, ಸ್ಟಫಿಂಗ್, ಸಿಹಿಗೆಣಸು ಎಲ್ಲ ಒಳಗೆ ಹೋಗುತ್ತವೆ.

ಗ್ರೇವಿಯ ಅರ್ಧ ಕೆಲಸ ಬುಧವಾರವೇ ಮುಗಿದಿರುತ್ತದೆ. ಬೆನ್ನುಮೂಳೆ, ಕತ್ತು, ಗುಂಡಿಗೆ ಚೆನ್ನಾಗಿ ಕೆಂಪಗೆ ಹುರಿದು, ಈರುಳ್ಳಿ, ಪಲಾವ್ ಎಲೆ, ಕಾಳುಮೆಣಸು ಹಾಕಿ ಸಣ್ಣ ಉರಿಯಲ್ಲಿ ಎರಡು ಗಂಟೆ ಕುದಿಸಿರುತ್ತೇನೆ. ಲಿವರ್ ಹಾಕುವುದಿಲ್ಲ, ಕಹಿಯಾಗುತ್ತದೆ. ಬೆಣ್ಣೆಯಲ್ಲಿ ಮೈದಾ ಹುರಿದು, ಈ ಸ್ಟಾಕ್ ಸೇರಿಸಿ, ಕೊನೆಯಲ್ಲಿ ಟ್ರೇಯ ರಸ ಹಾಕಬೇಕು. ಆ ರಸದಲ್ಲಿ ಉಪ್ಪು ಇರುತ್ತದೆ. ರುಚಿ ನೋಡುವ ತನಕ ಉಪ್ಪಿನ ಡಬ್ಬಿ ಮುಟ್ಟಬೇಡಿ.

ಕೊಯ್ಯುವಾಗ ಮೊದಲು ಕಾಲು ಬಿಡಿಸುತ್ತೇನೆ. ಎದೆಯನ್ನು ಮೂಳೆಯ ಮೇಲೇ ಇಟ್ಟು ತೆಳ್ಳಗೆ ಉದ್ದಕ್ಕೆ ಸೀಳುವುದಿಲ್ಲ. ಒಂದೊಂದು ಪಕ್ಕವನ್ನೂ ಇಡಿಯಾಗಿ ಮೂಳೆಯಿಂದ ಬಿಡಿಸಿ, ಹಲಗೆಯ ಮೇಲೆ ಮಲಗಿಸಿ, ನಾರಿಗೆ ಅಡ್ಡಲಾಗಿ ಅರ್ಧ ಇಂಚು ದಪ್ಪಕ್ಕೆ ಹೆಚ್ಚುತ್ತೇನೆ. ನಾರು ಗಿಡ್ಡವಾದಷ್ಟೂ ಬಾಯಲ್ಲಿ ಮೃದು. ಪ್ರತಿ ತುಂಡಿಗೂ ಒಂದಿಷ್ಟು ಚರ್ಮ ಸಿಗುತ್ತದೆ, ಮಕ್ಕಳ ಜಗಳವೂ ಇರುವುದಿಲ್ಲ.

ಮಿಕ್ಕಿದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಮೂರು ನಾಲ್ಕು ದಿನದಲ್ಲಿ ಮುಗಿಸಬೇಕು. ಶುಕ್ರವಾರ ನಮ್ಮಲ್ಲಿ ಮುದ್ದೆ. ಮೂಳೆಗಳನ್ನು ಕುಕ್ಕರ್‌ನಲ್ಲಿ ಚೆನ್ನಾಗಿ ಕೂಗಿಸಿ, ಆ ನೀರಿಗೆ ಹುರಿದ ಈರುಳ್ಳಿ, ಕಾಯಿ, ಧನಿಯಾ, ಚಕ್ಕೆ ಲವಂಗ ರುಬ್ಬಿ ಹಾಕಿ ಸಾರು ಮಾಡುತ್ತೇನೆ. ಮಿಕ್ಕ ಕಾಲಿನ ಮಾಂಸ ಅದರ ಜೊತೆಯಲ್ಲೇ ಕುದಿಯಬಹುದು. ಎದೆಯ ಮಾಂಸವನ್ನು ಮಾತ್ರ ಒಲೆ ಆರಿಸುವ ಮುಂಚೆ ಬಿಡಿಸಿ ಹಾಕಿ, ಸಾರು ಮತ್ತೆ ಒಂದು ಕುದಿ ಬಂದ ತಕ್ಷಣ ಇಳಿಸಿಬಿಡಬೇಕು.